ಸ್ಟೇಜಿಲ್ಲದ ಕಡೆ

ವಿ.ವಿ. ರೋಡಿನ ಮೊದಲ ಮಹಡಿ. ಫ್ಯಾನಿನ ಕೆಳಗೆ
ವಿಯೆಟ್ನಾಮು, ಎಂಟು ದಿನ ಏಳು ರಾತ್ರಿ,
ಮೇಜಿನ ಮೇಲೆ ಪಟಪಟ ಬಡಿದುಕೊಳ್ಳುತ್ತಿತ್ತು.
ಅದರ ಮೇಲೆ ಸ್ಟೇಪ್ಲರ್ ಇಟ್ಟು ಹೇಳಿದ ಹುಡುಗ, ಕೀಲಾರದವನಂತೆ:
"ನಲವತ್ತೆರಡು ಜನ, ಎಲ್ಲಾ ನಮ್ ಕಡೆಯೋರೇ ಆಂಟಿ.
ಅಡುಗೆಯವನು ಜೊತೆಗೇ ಬರ್ತಾನೆ, ಅಕ್ಕಿ ಹುಳಿಪುಡಿ ಸಮೇತ.
ಟೋಪಿ ಕೊಡ್ತೀವಿ, ಹಳದಿ. ತಪ್ಪಿಸಿಕೊಳ್ಳೋ ಮಾತೇ ಇಲ್ಲ."

ತಪ್ಪಿಸಿಕೊಳ್ಳೋ ಮಾತೇ ಇಲ್ಲ ಅನ್ನುವುದು
ಅವನ ಮಟ್ಟಿಗೆ ಭರವಸೆ.

ಇಪ್ಪತ್ತಾರು ವರ್ಷ ತಲೆ ಎಣಿಸಿದವಳು ನಾನು.
ಮಂಡ್ಯ–ಮೇಲುಕೋಟೆ, ದಿನಕ್ಕೆ ಆರು ಸಿಂಗಲ್.
ತಲೆಗಳು, ಅರ್ಧ ತಲೆಗಳು, ತೊಡೆಯ ಮೇಲಿನ ಪುಕ್ಕಟೆ ತಲೆಗಳು,
ಒಂದು ಸಲ ಟಿಕೇಟು ಪಡೆದ ಎರಡು ಹುಂಜ.
ಲೆಕ್ಕ ತಪ್ಪಿದ ದಿನವೇ ದುದ್ದದಲ್ಲಿ
ಚೆಕಿಂಗಿನವರು ಕಾದಿರುತ್ತಿದ್ದರು.
ಆ ದಾರಿಯ ಪ್ರತಿ ಹುಣಸೆಮರ ನನಗೆ ಗೊತ್ತು.
ಒಂದರ ನೆರಳಲ್ಲೂ ಕೂತಿಲ್ಲ.

ನೂರುನ್ನೀಸಾ ಹೋದ ವರ್ಷ ಗುಂಪಿನಲ್ಲೇ ಹೋಗಿ ಬಂದಳು,
ನಾಲ್ಕು ದೇಶ, ಹತ್ತು ದಿನ.
ಏನೇನು ನೋಡಿದೆಯೇ ಅಂದರೆ
"ಮುಂದೆ ಹೋಗೋಳ ಜಡೆ," ಅಂದಳು, "ಅದೂ ನಾಗಮಂಗಲದ್ದು."
ಆಮೇಲೆ ದನಿ ಇಳಿಸಿ:
"ಆದ್ರೂ ಮಂಡಿನೋವು ಬಂದ ರಾತ್ರಿ
ಆ ಜಡೆಯವಳೇ ಎಣ್ಣೆ ತಿಕ್ಕಿದ್ದು ಕಣೆ.
ಒಬ್ಬಳೇ ಆಗಿದ್ದರೆ ಯಾವ ಭಾಷೇಲಿ ನರಳ್ತಿದ್ದೆ?"
ಇದಕ್ಕೆ ನನ್ನ ಹತ್ತಿರ ಚಿಲ್ಲರೆ ಇಲ್ಲ.

ತಂಗಿ ಮಗಳು ಇಂಚರ ಫೋನು ತೋರಿಸುತ್ತಾಳೆ:
ರೂಮು ಇಷ್ಟು, ರೈಲು ಇಷ್ಟು, ಅರ್ಧ ದುಡ್ಡು ಉಳೀತದೆ ದೊಡ್ಡಮ್ಮ,
ಬೇಕಾದಾಗ ಏಳು, ಬೇಕಾದಲ್ಲಿ ಕೂರು.
ಬೇಕಾದಾಗ ಏಳುವುದನ್ನು
ನಿವೃತ್ತಿಯಾಗಿ ಹನ್ನೊಂದು ತಿಂಗಳಾದರೂ ಕಲಿತಿಲ್ಲ ನಾನು.
ನಾಲ್ಕೂಕಾಲಿಗೆ ಕಣ್ಣು ತಾನೇ ರೈಟ್ ಅನ್ನುತ್ತದೆ.

ಒಂದು ಮಧ್ಯಾಹ್ನ, ಬಹಳ ಹಿಂದೆ, ಬಸ್ಸು ಹತ್ತಿದ್ದಳು
ಯಾವ ದೇಶದವಳೋ, ಕಿವಿಯ ತುದಿ ಬಿಸಿಲಿಗೆ ಸುಲಿದವಳು.
ಕೈಯಲ್ಲಿ ಚೀಟಿ: ಇವರನ್ನು ಮೇಲುಕೋಟೆಯಲ್ಲಿ ಇಳಿಸಿ.
ಜಕ್ಕನಹಳ್ಳಿಗೆ ಇನ್ನೂ ಎರಡು ಮೈಲಿ,
ಸ್ಟೇಜೂ ಅಲ್ಲ, ಊರೂ ಅಲ್ಲ,
ಎದ್ದು ನಿಂತು ಗಾಜು ತಟ್ಟಿದಳು.
ಇಲ್ಲಲ್ಲಮ್ಮ, ಕೂತ್ಕೋ, ಇಲ್ಲಿ ಏನೂ ಇಲ್ಲ ಅಂದೆ.
ನಕ್ಕಳು. ಡ್ರೈವರ್ ಬೋರಯ್ಯ ಬೈಕೊಂಡೇ ಬ್ರೇಕು ಒತ್ತಿದ.
ಕಬ್ಬಿನ ಗದ್ದೆಯ ಬದುವಿನ ಮೇಲೆ
ನಡೆದೇ ಹೋದಳು. ಉಳಿದ ದಾರಿಯ ದುಡ್ಡೂ ಕೇಳಲಿಲ್ಲ.

ಮಾರನೆಯ ದಿನ ಅದೇ ಜಾಗದಲ್ಲಿ ಕೈ ಅಡ್ಡ ಹಾಕಿದಳು,
ಕೂದಲಲ್ಲಿ ಒಣಹುಲ್ಲು, ಚೀಲದ ತುಂಬ ಅವರೆಕಾಯಿ.
ಎಲ್ಲಿ ಮಲಗಿದ್ದೆ, ಏನು ತಿಂದೆ, ಹೆದರಿಕೆ ಆಯಿತಾ,
ಕೇಳಲು ನನ್ನಲ್ಲಿ ಮಾತಿರಲಿಲ್ಲ.
ಟಿಕೇಟು ಹರಿದು ಕೊಟ್ಟೆ.
ಒಂದು ಹಿಡಿ ಅವರೆಕಾಯಿ ನನ್ನ ಬ್ಯಾಗಿಗೆ ಸುರಿದಳು,
ಚಿಲ್ಲರೆಯ ಮೇಲೆ.
ಅಲ್ಲಿ ಏನಿತ್ತು?
ಸಾವಿರ ಸಲ ಹಾದಿದ್ದೇನೆ ಆ ಬದುವಿನ ಪಕ್ಕ.

ಕೀಲಾರದ ಹುಡುಗನನ್ನು ಕೇಳಿದೆ:
ಐದನೇ ದಿನ ನನ್ನ ಸೀಟು ಖಾಲಿ ಬಿಟ್ಟು ಹೋಗ್ತೀರಾ?
ಆರನೇ ದಿನ ನಾನೇ ಬಂದು ಸೇರ್ಕೋತೀನಿ.
"ಹಂಗಾಗಲ್ಲ ಆಂಟಿ. ತಲೆಲೆಕ್ಕ ಸಿಗಬೇಕು.
ಒಬ್ಬರು ಕಮ್ಮಿ ಆದ್ರೂ ಬಸ್ಸು ಹೊರಡಲ್ಲ."
ಗೊತ್ತು ಮಗ.
ಅವನ ಮುಖದಲ್ಲಿ ದುದ್ದದ ಭಯ, ನನ್ನದೇ ಹಳೆಯ ಮುಖ.
ಪಾಪ ಅನ್ನಿಸಿತು. ಐದು ಸಾವಿರ ಅಡ್ವಾನ್ಸ್ ಕೊಟ್ಟೆ,
ರಸೀದಿ ಎರಡು ಸಲ ಓದಿ ಮಡಚಿಟ್ಟೆ.

ಮೆಟ್ಟಿಲಿಳಿಯುತ್ತ ಇಂಚರಳಿಗೆ ಹೇಳಿದೆ:
ಅವರ ಭಾಷೇಲಿ ಒಂದು ಚೀಟಿ ಬರಕೊಡು, ದಪ್ಪಕ್ಷರದಲ್ಲಿ.
"ಏನಂತ ದೊಡ್ಡಮ್ಮ?"
ಹೋಲ್ಡಾನ್, ಅಂತ.

ಹುಡುಕಿದಳು, ಹುಡುಕಿದಳು.
ಆ ಮಾತು ಯಾವ ಭಾಷೆಯದೆಂದೇ ಫೋನಿಗೆ ತಿಳಿಯಲಿಲ್ಲ.
ಹೋಗಲಿ ಬಿಡು ಅಂದೆ.
ಗಾಜು ತಟ್ಟಿದರೆ ಎಲ್ಲಿಯ ಬೋರಯ್ಯನಾದರೂ
ಬೈಕೊಂಡಾದರೂ ನಿಲ್ಲಿಸುತ್ತಾನೆ.